ಯೋಧರ ಮಾತು ಮರೆಯಾಗದಿರಲಿ

ಶರಣರು ಕಾಯಕಗಳಲ್ಲಿ ಮೇಲು ಕೀಳೆಂಬ ಭೇದವನ್ನು ಎಣಿಸಲಿಲ್ಲ. ಹೊಲ ಉಳುವವನದಾಗಲಿ, ಬಟ್ಟೆ ಮಡಿ ಮಾಡುವವನದಾಗಲಿ, ದೋಣಿ ನಡೆಸುವವನದಾಗಲಿ, ಕಾಯಕವು ಸತ್ಯಶುದ್ಧವಾಗಿದ್ದರೆ ಅದು ಶಿವನಿಗೆ ಸಲ್ಲುವುದೆಂದು ಅವರು ನಂಬಿದ್ದರು. ನಾಡಿನ ಗಡಿಯನ್ನು ಕಾಯುವ ಯೋಧನ ಕೆಲಸವೂ ಅಂಥದೊಂದು ಕಾಯಕವೇ ಸರಿ. ಆದರೆ ಉಳಿದ ಕಾಯಕಗಳಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಒಕ್ಕಲಿಗನ ದುಡಿಮೆ ಕಣದಲ್ಲಿ ರಾಶಿಯಾಗಿ ಕಾಣುತ್ತದೆ. ನೇಕಾರನ ದುಡಿಮೆ ಸೀರೆಯಾಗಿ ಕೈಗೆ ಬರುತ್ತದೆ. ಯೋಧನ ದುಡಿಮೆಯನ್ನು ಮಾತ್ರ ಅವನ ಮನೆಯವರು ಎಂದೂ ಕಣ್ಣಾರೆ ಕಾಣುವುದಿಲ್ಲ. ಅದು ನಡೆಯುವುದು ದೂರದ ಹಿಮದಲ್ಲಿ, ಮರಳಿನಲ್ಲಿ, ಕಾಡಿನಲ್ಲಿ. ಮನೆಗೆ ಬರುವುದು ಅವನ ಪತ್ರ, ಮನಿಯಾರ್ಡರು. ಕೊನೆಗೊಂದು ದಿನ ಕಬ್ಬಿಣದ ಟ್ರಂಕಿನೊಡನೆ ನಿವೃತ್ತನಾದ ಅವನು.

ಆ ಟ್ರಂಕಿನಲ್ಲಿ ಒಂದು ಸಮವಸ್ತ್ರ, ಎರಡು ಮೂರು ಪದಕ, ಕೆಲವು ಭಾವಚಿತ್ರ, ಒಂದು ಬಿಡುಗಡೆ ಪತ್ರ ಇರುತ್ತವೆ. ಇವೆಲ್ಲವೂ ವಸ್ತುಗಳು. ಇವುಗಳ ಅರ್ಥ ತಿಳಿದಿರುವವನು ಒಬ್ಬನೇ, ಅದನ್ನು ತಂದವನು. ಅವನು ಹೇಳದೆ ಹೋದರೆ, ಅಥವಾ ನಾವು ಕೇಳದೆ ಬಿಟ್ಟರೆ, ಪದಕವು ತಗಡಾಗುತ್ತದೆ, ಭಾವಚಿತ್ರವು ಗುರುತಿಲ್ಲದ ಮುಖಗಳ ಸಾಲಾಗುತ್ತದೆ. ಯೋಧರ ಸಂಗ್ರಹಾಲಯವೆಂದರೆ ಬಂದೂಕು, ಕತ್ತಿ, ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ ಕಟ್ಟಡವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಆದರೆ ಒಳ್ಳೆಯ ಸಂಗ್ರಹಾಲಯವು ಕಾಪಾಡುವುದು ಆಯುಧಕ್ಕಿಂತ ಹೆಚ್ಚಾಗಿ ಮಾತನ್ನು. ಆ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ನಮ್ಮ ಮನೆಗಳ ಪಾಲೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕಲ್ಲಿನಲ್ಲಿ ಉಳಿದ ನೆನಪು

ಯೋಧನ ಕಥೆಯನ್ನು ಉಳಿಸುವ ಕೆಲಸ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಊರೂರಿನ ಗುಡಿಯ ಬಳಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಅವುಗಳಲ್ಲಿ ಹಲವಕ್ಕೆ ಮೂರು ಹಂತಗಳಿರುತ್ತವೆ. ಕೆಳಗಿನ ಹಂತದಲ್ಲಿ ವೀರನು ಕಾದಾಡುತ್ತಿರುತ್ತಾನೆ. ನಡುವಿನ ಹಂತದಲ್ಲಿ ದೇವಕನ್ಯೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಿನ ಹಂತದಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಓದುಬರಹ ಬಾರದ ದಾರಿಹೋಕನಿಗೂ ತಿಳಿಯುವಂತೆ ಒಬ್ಬ ಮನುಷ್ಯನ ಬಾಳಿನ ಕೊನೆಯ ಅಧ್ಯಾಯವನ್ನು ಹೇಳುವ ಏರ್ಪಾಡು ಇದು.

ಬೆಂಗಳೂರಿನ ಬಳಿಯ ಬೇಗೂರಿನ ಶಾಸನಗಳು ಈ ಮಾತಿಗೆ ಒಳ್ಳೆಯ ನಿದರ್ಶನ. ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಂಗರ ಅಧಿಕಾರಿಯಾಗಿದ್ದ ನಾಗತ್ತರನು ಕಾಳಗದಲ್ಲಿ ಮಡಿದುದನ್ನು ಅಲ್ಲಿಯ ಪ್ರಸಿದ್ಧ ವೀರಗಲ್ಲು ಹೇಳುತ್ತದೆ. ಅಲ್ಲಿಯೇ ಇರುವ ಇನ್ನೊಂದು ಕಿರುಶಾಸನವು ನಾಗತ್ತರನ ಪರಿವಾರಕ್ಕೆ ಸೇರಿದವನೊಬ್ಬನು ‘ಬೆಂಗಳೂರ ಕಾಳಗ’ದಲ್ಲಿ ಸತ್ತನೆಂದು ತಿಳಿಸುತ್ತದೆ. ಇಂದಿನ ಮಹಾನಗರದ ಹೆಸರಿನ ಅತ್ಯಂತ ಹಳೆಯ ದಾಖಲೆ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅರಸನ ದಾನಶಾಸನದಿಂದ ಅಲ್ಲ, ಒಬ್ಬ ಸಾಮಾನ್ಯ ಯೋಧನ ಸಾವಿನ ನೆನಪಿಗೆಂದು ಕೆತ್ತಿದ ಕಲ್ಲಿನಿಂದ ಬೆಂಗಳೂರಿಗೆ ತನ್ನ ಹೆಸರಿನ ಪ್ರಾಚೀನತೆ ತಿಳಿಯಿತು. ಚಿಕ್ಕವನೆಂದು ಕಾಣುವ ಸಿಪಾಯಿಯ ಕಥೆಯನ್ನು ಕಾಪಾಡಿದರೆ ಎಷ್ಟು ದೊಡ್ಡ ಚರಿತ್ರೆ ಕೈಗೆ ಬರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹತ್ತನೆಯ ಶತಮಾನದ ನಡುವಿನಲ್ಲಿ ನಡೆದ ತಕ್ಕೋಲದ ಯುದ್ಧದ ಸಂಗತಿಯೊಡನೆ, ಯೋಧ ಮಣಲೇರನ ‘ಕಾಳಿ’ ಎಂಬ ನಾಯಿಯು ಹಂದಿಯೊಡನೆ ಹೋರಾಡಿ ಸತ್ತುದನ್ನೂ ಅದು ಸ್ಮರಿಸುತ್ತದೆ. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಾಯಿಯ ನಿಷ್ಠೆಯನ್ನೂ ಮರೆಯಬಾರದೆಂದು ಬಗೆದ ನಾಡು ನಮ್ಮದು.

ಕಲ್ಲು ಇಲ್ಲದೆಡೆಯಲ್ಲಿ ಹಾಡು ಆ ಕೆಲಸ ಮಾಡಿತು. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಬಿದ್ದ ಸಂಗತಿ ಸರ್ಕಾರದ ಕಡತಗಳಲ್ಲಿ ಕಂಪನಿಯವರ ದೃಷ್ಟಿಯಿಂದ ದಾಖಲಾಯಿತು. ರಾಣಿ ಚನ್ನಮ್ಮಾಜಿಯವರ ಧೈರ್ಯ, ಅಮಟೂರು ಬಾಳಪ್ಪನ ಗುರಿ, ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಛಲ, ಇವು ನಮ್ಮವರ ದೃಷ್ಟಿಯಿಂದ ಉಳಿದದ್ದು ಲಾವಣಿಕಾರರ ಕಂಠದಲ್ಲಿ. ಇಂದು ಕಿತ್ತೂರು ಕೋಟೆಯ ಆವರಣದಲ್ಲಿ ಸಂಗ್ರಹಾಲಯವಿದೆ. ಆದರೆ ಆ ಸಂಗ್ರಹಾಲಯ ಬರುವವರೆಗೆ, ಡಪ್ಪಿನ ದನಿಯೇ ಬಯಲುಸೀಮೆಯ ಸಂಗ್ರಹಾಲಯವಾಗಿತ್ತು.

ಹೆಸರು ಉಳಿದು ಮಾತು ಅಳಿದಾಗ

ಇಂಥ ಪರಂಪರೆಯುಳ್ಳ ನಾವು ಹತ್ತಿರದ ಶತಮಾನದಲ್ಲಿ ಮಾತ್ರ ಅಷ್ಟು ಎಚ್ಚರದಿಂದ ಇರಲಿಲ್ಲ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, ೧೯೧೮ರ ಸೆಪ್ಟೆಂಬರ್ ೨೩ರಂದು, ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಭಾರತೀಯ ಅಶ್ವಾರೋಹಿಗಳು ತುರ್ಕರಿಂದ ಗೆದ್ದರು. ಜೋಧಪುರದ ದಳವು ಪಟ್ಟಣದತ್ತ ನುಗ್ಗಿತು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳದವರು ಕಾರ್ಮೆಲ್ ಬೆಟ್ಟವನ್ನು ಏರಿ ಅಲ್ಲಿಯ ತೋಪುಗಳ ಮೇಲೆ ಎರಗಿದರು. ಮಷಿನ್‌ಗನ್ನುಗಳ ಎದುರಿನಲ್ಲಿ ಭರ್ಜಿ ಹಿಡಿದ ಕುದುರೆ ಸವಾರರು ಸಾಧಿಸಿದ ಈ ಜಯ ಲೋಕದ ಸೈನಿಕ ಚರಿತ್ರೆಯಲ್ಲಿ ಅಪರೂಪದ್ದು.

ದೆಹಲಿಯಲ್ಲಿ ೧೯೨೨ರಲ್ಲಿ ನಿಲ್ಲಿಸಿದ ತೀನ್ ಮೂರ್ತಿಯ ಮೂವರು ಕಂಚಿನ ಯೋಧರಲ್ಲಿ ಒಬ್ಬನು ಮೈಸೂರಿನವನು. ೨೦೧೮ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಹೀಗೆ ಮೂರ್ತಿ ಉಳಿಯಿತು, ಕಲ್ಲಿನಲ್ಲಿ ಹೆಸರು ಉಳಿಯಿತು. ಆದರೆ ಮೈಸೂರು ಸೀಮೆಯ ಯಾವುದೋ ಹಳ್ಳಿಯಿಂದ ಹೊರಟು, ಕಡಲು ದಾಟಿ, ತಾನು ಹೆಸರೂ ಕೇಳಿರದ ಬೆಟ್ಟವನ್ನು ಕುದುರೆಯೊಡನೆ ಏರಿದ ಆ ಸವಾರನಿಗೆ ಅಂದು ಬೆಳಿಗ್ಗೆ ಏನನ್ನಿಸಿತು? ತಾಯಿಗೆ ಅವನು ಏನು ಬರೆಸಿದ? ಊರಿಗೆ ಮರಳಿದ ಮೇಲೆ ಮಕ್ಕಳಿಗೆ ಏನು ಹೇಳಿದ? ಕಂಚು ಈ ಪ್ರಶ್ನೆಗಳಿಗೆ ಉತ್ತರ ಕೊಡಲಾರದು. ಕೇಳಬೇಕಾಗಿದ್ದ ಕಾಲದಲ್ಲಿ ಹಳ್ಳಿಯ ಮನೆಗಳಿಗೆ ಹೋಗಿ ಕೇಳಿ ಬರೆದುಕೊಂಡವರು ಇಲ್ಲವಾದರು.

ನವದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕವು ೨೦೧೯ರ ಫೆಬ್ರವರಿ ೨೫ರಂದು ಲೋಕಾರ್ಪಣೆಯಾದಾಗ ಅದರ ಗ್ರಾನೈಟ್ ಫಲಕಗಳ ಮೇಲೆ ೨೫,೯೪೨ ಯೋಧರ ಹೆಸರುಗಳಿದ್ದವು. ಆ ಚಕ್ರಗಳ ನಡುವೆ ನಡೆಯುವವನು ತಲೆಬಾಗದೆ ಇರಲಾರ. ಸ್ಮಾರಕದ ಧರ್ಮವೇ ಹೆಸರನ್ನು ಕಾಯುವುದು. ಹೆಸರಿನ ಹಿಂದಿರುವ ಬಾಳನ್ನು ಕಾಯುವುದು ಸಂಗ್ರಹಾಲಯದ ಧರ್ಮ. ಎರಡೂ ಬೇಕು. ಒಂದನ್ನು ಕಟ್ಟಿ ಇನ್ನೊಂದನ್ನು ಮರೆತರೆ ನಮ್ಮ ಗೌರವ ಅರ್ಧಕ್ಕೆ ನಿಂತಂತಾಗುತ್ತದೆ.

ಮಡಿಕೇರಿಯ ‘ಸನ್ನಿಸೈಡ್’

ನಮ್ಮ ನಾಡಿನಲ್ಲಿ ಈ ಧರ್ಮವನ್ನು ಕೈಗೊಂಡ ಒಂದು ಮನೆ ಮಡಿಕೇರಿಯಲ್ಲಿದೆ. ಅದರ ಹೆಸರು ‘ಸನ್ನಿಸೈಡ್’. ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಕುಟುಂಬದ ಮನೆ ಅದು. ಮುಂದೆ ಅಲ್ಲಿ ಬಹಳ ಕಾಲ ಪ್ರಾದೇಶಿಕ ಸಾರಿಗೆ ಕಚೇರಿ ನಡೆಯುತ್ತಿತ್ತು. ವಾಹನಗಳ ನೋಂದಣಿಗೆಂದು ಬಂದವರಲ್ಲಿ ಎಷ್ಟು ಮಂದಿಗೆ ಆ ಜಗುಲಿಯ ಮಹತ್ವ ತಿಳಿದಿತ್ತೋ ಬಲ್ಲವರಾರು! ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನ ಹಿರಿಯರು, ನಿವೃತ್ತ ಯೋಧರು ಬೆನ್ನುಬಿಡದೆ ಒತ್ತಾಯಿಸಿದುದರ ಫಲವಾಗಿ ಆ ಕಟ್ಟಡವನ್ನು ಸಂಗ್ರಹಾಲಯವಾಗಿ ಮಾರ್ಪಡಿಸಲಾಯಿತು. ೨೦೨೧ರ ಫೆಬ್ರವರಿ ೬ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು.

ಆವರಣದಲ್ಲಿ ಟಿ-೫೫ ಟ್ಯಾಂಕು, ಮಿಗ್-೨೧ ವಿಮಾನಗಳು ಇವೆ. ಯುದ್ಧ ಸ್ಮಾರಕವೂ ಇದೆ. ಮಕ್ಕಳು ಮೊದಲು ಓಡುವುದು ಅತ್ತಲೇ. ಅದು ಸಹಜ. ಆದರೆ ಮನೆಯ ಒಳಗಿನ ಕೋಣೆಗಳು ಹೇಳುವುದು ಒಬ್ಬ ಮನುಷ್ಯನ ಬಾಳನ್ನು, ಬಾಲ್ಯದಿಂದ ಕೊನೆಯವರೆಗೆ. ಯುದ್ಧವೆಂದರೆ ನಕ್ಷೆಯ ಮೇಲಿನ ಬಾಣಗಳಲ್ಲ, ಮನೆಯಿಂದ ಹೊರಟ ಮಗನೊಬ್ಬನ ಪಯಣ ಎಂಬ ತಿಳಿವಳಿಕೆ ಅವನು ಬೆಳೆದ ಮನೆಯಲ್ಲಿಯೇ ನಿಂತು ನೋಡಿದಾಗ ಬರುವಷ್ಟು ಬೇರೆಲ್ಲಿಯೂ ಬರದು.

ಆ ಬಾಳು ಸಾಮಾನ್ಯವಾದುದಲ್ಲ. ೧೯೦೬ರ ಮಾರ್ಚ್ ೩೧ರಂದು ಹುಟ್ಟಿದ ತಿಮ್ಮಯ್ಯನವರು ೧೯೨೬ರಲ್ಲಿ ಸೈನ್ಯದ ಅಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ರಂಗದಲ್ಲಿ ಹೋರಾಡಿ, ಕಾಲಾಳು ಬ್ರಿಗೇಡೊಂದನ್ನು ರಣರಂಗದಲ್ಲಿ ಮುನ್ನಡೆಸಿದ ಏಕೈಕ ಭಾರತೀಯರೆನಿಸಿದರು. ೧೯೪೮ರ ನವೆಂಬರ್ ೧ರಂದು, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ, ಲಡಾಖಿನ ದಾರಿಯನ್ನು ತೆರೆದ ಕಾರ್ಯಾಚರಣೆ ಅವರ ನೇತೃತ್ವದ್ದು. ಕೊರಿಯಾ ಯುದ್ಧ ನಿಂತ ಮೇಲೆ, ೧೯೫೩ರಲ್ಲಿ, ಸ್ವದೇಶಕ್ಕೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರವನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು. ೧೯೫೭ರಿಂದ ೧೯೬೧ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ ೧೯೬೫ರ ಡಿಸೆಂಬರ್ ೧೮ರಂದು ತೀರಿಕೊಂಡರು. ಆ ಪುಟ್ಟ ದೇಶವು ಮರುವರ್ಷ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು. ಯುದ್ಧವನ್ನು ಬಲ್ಲವನೇ ಶಾಂತಿಯನ್ನು ಕಾಯಲು ಹೋದ ಕಥೆ ಇದು.

ಈ ಕುಟುಂಬದ ಇನ್ನೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರೂ ತಮ್ಮ ಸೋಮಯ್ಯನವರೂ ಸೈನ್ಯದ ಅಧಿಕಾರಿಗಳೇ. ಅಣ್ಣನವರು ನೇತಾಜಿ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜನ್ನು ಸೇರಿದರು. ಅದೇ ಕಾಲದಲ್ಲಿ ತಿಮ್ಮಯ್ಯನವರು ಬ್ರಿಟಿಷ್ ಭಾರತದ ಸೈನ್ಯದಲ್ಲಿ ನಿಂತು ಬರ್ಮಾದಲ್ಲಿ ಹೋರಾಡುತ್ತಿದ್ದರು. ತಮ್ಮ ಸೋಮಯ್ಯನವರು ಸ್ವಾತಂತ್ರ್ಯಾನಂತರದ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬಿನ ಸ್ಫೋಟಕ್ಕೆ ಬಲಿಯಾದರು. ಒಂದೇ ತಾಯಿಯ ಮೂವರು ಮಕ್ಕಳು, ಮೂರು ದಾರಿಗಳು. ಇಬ್ಬರೂ ತಾವು ದೇಶಕ್ಕಾಗಿಯೇ ನಿಂತಿದ್ದೇವೆಂದು ತಿಳಿದು ಎದುರು ಬದುರು ಪಾಳೆಯಗಳಲ್ಲಿದ್ದ ಆ ವರ್ಷಗಳಲ್ಲಿ ಮನೆಯಲ್ಲಿ ಕುಳಿತ ತಾಯಿಯ ಮನಸ್ಸು ಹೇಗಿದ್ದಿರಬೇಕು! ಜಯವನ್ನು ಮಾತ್ರ ಹೇಳುವ ಪಠ್ಯಪುಸ್ತಕದಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಮನೆಯೇ ಸಂಗ್ರಹಾಲಯವಾದಾಗ ಅದಕ್ಕೆ ಜಾಗ ದೊರೆಯುತ್ತದೆ.

ಎದುರಾಳಿ ನುಡಿದ ಸಾಕ್ಷ್ಯ

ಮಾತು ಉಳಿಯದಿದ್ದರೆ ಆಗುವ ನಷ್ಟವೇನು ಎಂದು ಕೇಳುವವರಿಗೆ ಅದೇ ಕೊಡಗಿನ ಇನ್ನೊಬ್ಬ ಯೋಧರ ಕಥೆಯೇ ಉತ್ತರ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ೧೯೬೫ರ ಸೆಪ್ಟೆಂಬರ್ ೭ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದರು. ಮರಳಿ ಬರಲಿಲ್ಲ. ‘ಕಾಣೆಯಾಗಿದ್ದಾರೆ’ ಎಂಬ ಒಂದು ಮಾತು ಮಾತ್ರ ಮನೆಗೆ ಬಂತು. ಅಲ್ಲಿ ಏನು ನಡೆಯಿತೆಂಬುದನ್ನು ಕಂಡ ಭಾರತೀಯರು ಯಾರೂ ಇರಲಿಲ್ಲ.

ಹದಿನಾಲ್ಕು ವರ್ಷಗಳ ಮೇಲೆ, ೧೯೭೯ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನು ಪಾಕಿಸ್ತಾನದ ವಾಯುಪಡೆಯ ದೃಷ್ಟಿಯಿಂದ ಬರೆದ ಯುದ್ಧಕಥನ ಪ್ರಕಟವಾಯಿತು. ಅಂದು ದೇವಯ್ಯನವರನ್ನು ಎದುರಿಸಿದ ಪಾಕಿಸ್ತಾನಿ ವೈಮಾನಿಕನ ಅನುಭವವು ಅದರಲ್ಲಿತ್ತು. ತನ್ನ ವೇಗಶಾಲಿ ಸ್ಟಾರ್‌ಫೈಟರ್ ವಿಮಾನದಿಂದ ಪೆಟ್ಟು ತಿಂದ ಮೇಲೂ ಆ ಮಿಸ್ಟೇರ್ ಓಡಿಹೋಗದೆ ತಿರುಗಿ ಬಿದ್ದಿತು. ಕಡೆಗೆ ತನ್ನ ವಿಮಾನವೇ ನೆಲಕ್ಕುರುಳಿ, ತಾನು ಪ್ಯಾರಾಚೂಟಿನಿಂದ ಇಳಿದು ಜೀವ ಉಳಿಸಿಕೊಳ್ಳಬೇಕಾಯಿತು. ಇದೇ ಅದರ ಸಾರ. ಈ ಕಥನದ ಬೆಳಕಿನಲ್ಲಿ ನಮ್ಮ ವಾಯುಪಡೆಯು ಪ್ರಕರಣವನ್ನು ಮತ್ತೆ ಪರಿಶೀಲಿಸಿತು. ೧೯೮೮ರಲ್ಲಿ, ಅಂದರೆ ಯುದ್ಧ ನಡೆದು ಇಪ್ಪತ್ತಮೂರು ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಇಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. ಎದುರಾಳಿಯು ಬದುಕುಳಿಯದೆ ಹೋಗಿದ್ದರೆ, ಅಥವಾ ಬದುಕಿಯೂ ಸತ್ಯವನ್ನು ನುಡಿಯದೆ ಇದ್ದಿದ್ದರೆ, ಅಥವಾ ನುಡಿದುದನ್ನು ಬರೆದುಕೊಳ್ಳುವವನು ಸಿಗದೆ ಇದ್ದಿದ್ದರೆ, ದೇವಯ್ಯನವರು ಇಂದಿಗೂ ‘ಕಾಣೆಯಾದವರು’ ಆಗಿಯೇ ಉಳಿಯುತ್ತಿದ್ದರು. ಅವರ ಪತ್ನಿ ಮಕ್ಕಳಿಗೆ ಸತ್ಯ ತಿಳಿದದ್ದು ಒಂದು ಸಾಕ್ಷ್ಯ ಲಿಖಿತವಾಗಿ ಉಳಿದುದರಿಂದ. ಯೋಧನ ಮಾತನ್ನು ದಾಖಲಿಸುವುದು ಅಲಂಕಾರದ ಕೆಲಸವಲ್ಲ, ನ್ಯಾಯದ ಕೆಲಸ.

ಮಾತಿನಿಂದಲೇ ಹುಟ್ಟಿದ ಸಂಗ್ರಹಾಲಯ

ಈ ನ್ಯಾಯವನ್ನು ವ್ಯವಸ್ಥಿತವಾಗಿ ಕೈಗೊಂಡ ದೇಶಗಳ ಅನುಭವ ನಮಗೆ ಪಾಠವಾಗಬಲ್ಲದು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸ್ಥಾಪನೆಯಾದುದು ೧೯೧೭ರಲ್ಲಿ, ಮೊದಲನೆಯ ಮಹಾಯುದ್ಧವಿನ್ನೂ ನಡೆಯುತ್ತಿರುವಾಗಲೇ. ಯುದ್ಧ ಮುಗಿದ ಮೇಲೆ ನೆನಪುಗಳನ್ನು ಹುಡುಕುತ್ತ ಹೋದರೆ ತಡವಾಗುವುದೆಂದು ಅದರ ಸ್ಥಾಪಕರು ಅರಿತಿದ್ದರು. ಮಡಿದ ಯೋಧರ ಭಾವಚಿತ್ರಗಳನ್ನು ಕಳಿಸಿಕೊಡಿರೆಂದು ಅವರು ಮನೆಮನೆಗೆ ವಿನಂತಿ ಮಾಡಿಕೊಂಡರು. ಸಾವಿರಾರು ಕುಟುಂಬಗಳು ಸ್ಪಂದಿಸಿದವು. ಮುಂದೆ ಅಲ್ಲಿ ಧ್ವನಿ ವಿಭಾಗವೂ ಆರಂಭವಾಗಿ, ಸಿಪಾಯಿಗಳು, ದಾದಿಯರು, ಕಾರ್ಖಾನೆಯ ಹೆಣ್ಣುಮಕ್ಕಳು ತಮ್ಮ ಕಂಠದಿಂದಲೇ ಹೇಳಿದ ಅನುಭವಗಳು ಸಂಗ್ರಹವಾದವು.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಎರಡನೆಯ ಮಹಾಯುದ್ಧ ಸಂಗ್ರಹಾಲಯದ ಹುಟ್ಟು ಇನ್ನೂ ಅರ್ಥಪೂರ್ಣವಾದುದು. ಸ್ಟೀಫನ್ ಆಂಬ್ರೋಸ್ ಎಂಬ ಇತಿಹಾಸದ ಪ್ರಾಧ್ಯಾಪಕರು ೧೯೪೪ರ ಜೂನ್ ೬ರಂದು ಫ್ರಾನ್ಸಿನ ನಾರ್ಮಂಡಿ ದಂಡೆಯಲ್ಲಿ ಇಳಿದ ಯೋಧರ ಮಾತುಗಳನ್ನು ಅವರಿಂದಲೇ ಕೇಳಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಆ ಸಂಗ್ರಹ ಬೆಳೆಯಿತು. ಅದಕ್ಕೊಂದು ಮನೆ ಬೇಕಾಯಿತು. ಸೈನಿಕರನ್ನು ದಂಡೆಗೆ ಇಳಿಸಿದ ಹಿಗ್ಗಿನ್ಸ್ ದೋಣಿಗಳು ತಯಾರಾದ ಊರು ನ್ಯೂ ಆರ್ಲಿಯನ್ಸ್ ಆಗಿದ್ದುದರಿಂದ ೨೦೦೦ದ ಜೂನ್ ೬ರಂದು ಅಲ್ಲಿಯೇ ಸಂಗ್ರಹಾಲಯ ತೆರೆಯಿತು. ಮೊದಲು ಮಾತು ಬಂತು, ಆಮೇಲೆ ಕಟ್ಟಡ ಬಂತು. ೨೦೨೪ರಿಂದ ಅಲ್ಲಿ ಹೊಸದೊಂದು ಏರ್ಪಾಡಿದೆ. ಪರದೆಯ ಮೇಲೆ ಕಾಣುವ ಹಿರಿಯ ಯೋಧನಿಗೆ ಶಾಲೆಯ ಮಗು ತನ್ನ ಪ್ರಶ್ನೆಯನ್ನು ಕೇಳಬಹುದು. ಮೊದಲೇ ಚಿತ್ರೀಕರಿಸಿಟ್ಟ ಅವನ ನೂರಾರು ಉತ್ತರಗಳಲ್ಲಿ ಆ ಪ್ರಶ್ನೆಗೆ ಹೊಂದುವುದನ್ನು ಗಣಕಯಂತ್ರವು ಆರಿಸಿ ತೋರಿಸುತ್ತದೆ. ಹೀಗೆ ತೀರಿಹೋದ ಮೇಲೂ ಅಜ್ಜನು ಮೊಮ್ಮಗನ ಪ್ರಶ್ನೆಗೆ ಉತ್ತರ ಕೊಡುತ್ತಾನೆ.

ಇದು ದೊಡ್ಡ ಹಣದ ಕೆಲಸವೆಂದು ಓದುಗರು ಕೈಚೆಲ್ಲಬೇಕಾಗಿಲ್ಲ. ಅದೇ ದೇಶದ ಸಂಸತ್ತು ೨೦೦೦ದಲ್ಲಿ ಶಾಸನ ಮಾಡಿ, ಕಾಂಗ್ರೆಸ್ ಗ್ರಂಥಾಲಯದಲ್ಲಿ ನಿವೃತ್ತ ಯೋಧರ ಚರಿತ್ರೆಯ ಯೋಜನೆಯನ್ನು ಆರಂಭಿಸಿತು. ಅದರ ನಿಯಮ ಬಹು ಸರಳ. ಯೋಧನ ಸ್ವಂತ ಮಾತು ಮೂವತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಕೇಳುವವರು ಮಗಳಾಗಬಹುದು, ನೆರೆಯವರಾಗಬಹುದು, ಹತ್ತನೆಯ ತರಗತಿ ಮುಟ್ಟಿದ ವಿದ್ಯಾರ್ಥಿಯಾಗಬಹುದು. ಹೀಗೆ ಮನೆಯವರ ಕೈಯಿಂದಲೇ ಲಕ್ಷಕ್ಕೂ ಮೀರಿದ ಸಂಗ್ರಹ ಅಲ್ಲಿ ಕೂಡಿದೆ. ವಿದ್ವಾಂಸರು ಬರಲೆಂದು ಅವರು ಕಾಯಲಿಲ್ಲ.

ದಂಡನಾಯಕನ ಮನೆ, ಸಿಪಾಯಿಯ ಟ್ರಂಕು

ಸನ್ನಿಸೈಡ್ ಉಳಿದದ್ದು ಅದು ಜನರಲ್ ಒಬ್ಬರ ಮನೆಯಾದುದರಿಂದ. ಅದು ಯುಕ್ತವೇ. ಆದರೆ ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿರುವ ಸಾಮಾನ್ಯ ಸಿಪಾಯಿಯ ಮನೆಯನ್ನು ಯಾವ ಇಲಾಖೆಯೂ ಸಂಗ್ರಹಾಲಯ ಮಾಡಲಾರದು. ಅವನ ಟ್ರಂಕೇ ಅವನ ಸಂಗ್ರಹಾಲಯ, ಮನೆಯವರೇ ಅದರ ಪಾಲಕರು. ೧೯೬೨ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಜವಾನನು ಇಂದು ಎಂಬತ್ತನ್ನು ದಾಟಿದ್ದಾನೆ. ೧೯೭೧ರ ಜವಾನನು ಎಪ್ಪತ್ತನ್ನು ದಾಟಿದ್ದಾನೆ. ನಮಗೆ ಉಳಿದಿರುವ ಕಾಲ ಬಹಳವಿಲ್ಲ.

ಸಂಗ್ರಹಾಲಯಗಳು ಅನುಸರಿಸುವ ಕೆಲವು ಕ್ರಮಗಳನ್ನು ಮನೆಯಲ್ಲಿಯೂ ಪಾಲಿಸಬಹುದು. ಪದಕಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬಾರದು. ಎಷ್ಟೋ ಪದಕಗಳ ಅಂಚಿನಲ್ಲಿ ಯೋಧನ ಹೆಸರು, ಸಂಖ್ಯೆ ಸಣ್ಣದಾಗಿ ಕೊರೆದಿರುತ್ತದೆ. ತಿಕ್ಕಿದರೆ ಹೊಳಪು ಬಂದು ಹೆಸರು ಹೋಗುತ್ತದೆ. ಭಾವಚಿತ್ರದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ, ಒತ್ತದೆ, ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಬರೆದಿಡಬೇಕು. ಪತ್ರಗಳಿಗೆ ಚುಚ್ಚಿದ ಗುಂಡುಸೂಜಿ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಅದನ್ನು ತೆಗೆದು, ಮಡಿಕೆ ಬಿಡಿಸಿ, ಚಪ್ಪಟೆಯಾಗಿ ಇಡಬೇಕು. ಅಂಟುಪಟ್ಟಿ ಹಚ್ಚುವುದು, ಪ್ಲಾಸ್ಟಿಕ್ ಹಾಳೆಯೊಳಗೆ ಕಾಯಿಸಿ ಮುಚ್ಚಿಸುವುದು ಕೂಡದು. ಅದನ್ನು ಮುಂದೆ ಬಿಡಿಸಲಾಗದು. ಉಣ್ಣೆಯ ಸಮವಸ್ತ್ರವನ್ನು ತೊಳೆದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದೆಡೆ ಇಟ್ಟು, ಮಳೆಗಾಲ ಮುಗಿದೊಡನೆ ನೆರಳಿನಲ್ಲಿ ಗಾಳಿಗೆ ಹಾಕಬೇಕು. ತಾಳೆಗರಿಯ ಕಟ್ಟುಗಳನ್ನು ಹುಳುವಿನಿಂದ ಕಾಪಾಡಿದ ಹಿರಿಯರ ಮನೆಗಳಲ್ಲಿ ಬೆಳೆದವರಿಗೆ ಇದು ಕಷ್ಟದ ಮಾತಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಧ್ವನಿ. ಅದಕ್ಕೆ ಇಂದು ಮನೆಮನೆಯಲ್ಲಿರುವ ಮೊಬೈಲ್ ಫೋನೇ ಸಾಕು. ಫ್ಯಾನು, ಟಿ.ವಿ.ಗಳನ್ನು ನಿಲ್ಲಿಸಿ ಶಾಂತವಾದ ಕೋಣೆಯಲ್ಲಿ ಕುಳಿತು, ಮೊದಲಿಗೆ ಹೆಸರು, ಊರು, ದಿನಾಂಕವನ್ನು ಹೇಳಿ ಆರಂಭಿಸಬೇಕು. ‘ಯುದ್ಧ ಹೇಗಿತ್ತು?’ ಎಂದು ಒಮ್ಮೆಲೇ ಕೇಳಿದರೆ ‘ಚಲೋ ಇತ್ತು’ ಎಂಬ ಒಂದೇ ಉತ್ತರ ಬಂದೀತು. ‘ಅಜ್ಜಾ, ನೀವು ಭರ್ತಿಗೆ ಹೋದ ದಿನ ನಿಮ್ಮ ಅವ್ವ ಏನು ಬುತ್ತಿ ಕಟ್ಟಿಕೊಟ್ಟಿದ್ದರು?’ ‘ಮೊದಲ ಸಲ ಹಿಮ ಕಂಡಾಗ ಏನು ಮಾಡಿದಿರಿ?’ ‘ಭಾಷೆ ಬಾರದ ಊರಿನಲ್ಲಿ ನಿಮ್ಮ ಗೆಳೆಯರಾದವರು ಯಾರು?’ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಇಷ್ಟಲಿಂಗ ಪೂಜೆಗೆ ಅಲ್ಲಿ ಹೇಗೆ ವೇಳೆ ಮಾಡಿಕೊಳ್ಳುತ್ತಿದ್ದರೆಂದೂ ಕೇಳಿ ನೋಡಿರಿ. ಆ ಉತ್ತರ ಯಾವ ಸರ್ಕಾರದ ಕಡತದಲ್ಲಿಯೂ ದೊರೆಯದು.

ಮಾತಿನ ನಡುವೆ ಅವರು ಸುಮ್ಮನಾದರೆ ನಾವೂ ಸುಮ್ಮನಿರಬೇಕು. ಗೆಳೆಯನ ಸಾವು ನೆನಪಾಗಿ ಕಣ್ಣು ತುಂಬಿದರೆ ಮುಂದಿನ ಪ್ರಶ್ನೆಗೆ ಅವಸರ ಮಾಡಬಾರದು. ಹೇಳಲೊಲ್ಲದ ಸಂಗತಿಯನ್ನು ಒತ್ತಾಯಿಸಿ ಹೇಳಿಸಬಾರದು. ಸೈನ್ಯದ ಗೋಪ್ಯಕ್ಕೆ ಸೇರಿದುದನ್ನು ಕೇಳಲೇಬಾರದು. ಯಾರಿಗೆ ಕೇಳಿಸಬಹುದು, ಯಾರಿಗೆ ಬೇಡ ಎಂಬುದನ್ನು ಅವರ ಇಚ್ಛೆಯಂತೆಯೇ ನಡೆಸಬೇಕು. ಮನೆಯಲ್ಲಿ ಕಾದು ಕುಳಿತ ಅಜ್ಜಿಯ ಮಾತನ್ನೂ ಮುದ್ರಿಸಿಕೊಳ್ಳಬೇಕು. ಗಂಡ ಗಡಿಯಲ್ಲಿದ್ದಾಗ ಹೊಲ, ದನ, ಮಕ್ಕಳನ್ನು ಸಂಬಾಳಿಸಿದ ಆಕೆಯ ಕಾಯಕಕ್ಕೆ ಪದಕವಿಲ್ಲ. ಮುದ್ರಿಸಿದುದನ್ನು ಒಂದೇ ಫೋನಿನಲ್ಲಿ ಬಿಡದೆ, ಎರಡು ಮೂರು ಕಡೆ ಪ್ರತಿ ಮಾಡಿಡಬೇಕು.

ಶರಣರ ದಾರಿ

ನಮ್ಮ ಸಮಾಜಕ್ಕೆ ಈ ಕೆಲಸದ ಬೆಲೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕಲ್ಯಾಣದ ಕ್ರಾಂತಿಯ ನಂತರ ಶರಣರು ಚದುರಿ ಉಳವಿಯತ್ತ ನಡೆದಾಗ, ಬೆನ್ನಟ್ಟಿದ ಸೈನ್ಯವನ್ನು ತಡೆದು, ವಚನದ ಕಟ್ಟುಗಳನ್ನು ಕಾಪಾಡಿದವರಲ್ಲಿ ವೀರಗಣಾಚಾರಿ ಮಡಿವಾಳ ಮಾಚಿದೇವರು ಅಗ್ರಗಣ್ಯರೆಂದು ನಮ್ಮ ಪರಂಪರೆ ನಂಬಿದೆ. ಬಟ್ಟೆಯ ಮಡಿಯನ್ನು ಕಾಯ್ದ ಕೈಯೇ ಖಡ್ಗ ಹಿಡಿದು ಮಾತಿನ ಮಡಿಯನ್ನೂ ಕಾಯ್ದಿತು.

ಆ ಕಟ್ಟುಗಳು ಶತಮಾನಗಳ ಕಾಲ ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತ ಇದ್ದವು. ಪೂಜೆ ನಡೆಯುತ್ತಿತ್ತು, ಓದು ನಿಂತಿತ್ತು. ಡಾ. ಫ.ಗು. ಹಳಕಟ್ಟಿಯವರು ವಕೀಲಿಯ ವರಮಾನವನ್ನು ಲೆಕ್ಕಿಸದೆ ಊರೂರು ತಿರುಗಿ, ಮನೆಮನೆಯ ಕಟ್ಟುಗಳನ್ನು ಬಿಚ್ಚಿಸಿ, ಓದಿ, ಹೋಲಿಸಿ, ೧೯೨೩ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರ ಜನ್ಮದಿನವಾದ ಜುಲೈ ೨ನ್ನು ನಾಡು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಅವರು ಕೇಳಲು ಹೋಗದೆ ಇದ್ದಿದ್ದರೆ ಎಷ್ಟೋ ಕಟ್ಟುಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು. ವಚನವೆಂಬ ಪದದ ಅರ್ಥವೇ ಮಾತು. ಮಾತನ್ನು ಉಳಿಸಿಕೊಂಡುದರಿಂದಲೇ ನಾವು ಇಂದು ನಾವಾಗಿ ಉಳಿದಿದ್ದೇವೆ.

ಅಂದು ಯೋಧರಾದವರು ನಮ್ಮ ಮಾತನ್ನು ಕಾಯ್ದರು. ಇಂದು ಯೋಧರ ಮಾತನ್ನು ಕಾಯುವ ಸರದಿ ನಮ್ಮದು. ನಮ್ಮ ಮಠಗಳಲ್ಲಿ ಗ್ರಂಥಾಲಯಗಳಿವೆ, ಸಂಘಸಂಸ್ಥೆಗಳಲ್ಲಿ ಶಾಲೆ ಕಾಲೇಜುಗಳಿವೆ. ಒಂದೊಂದು ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಆ ಊರಿನ ಯೋಧರಿಗೆಂದು, ಜಾತಿ ಮತಗಳ ಭೇದವಿಲ್ಲದೆ, ಮೀಸಲಿಡಬಾರದೇಕೆ? ಅಕ್ಕನ ಬಳಗದ ತಾಯಂದಿರು ತಮ್ಮ ಓಣಿಯ ನಿವೃತ್ತ ಯೋಧರ ಪಟ್ಟಿ ಮಾಡಬಹುದು. ಕಾಲೇಜಿನ ಮಕ್ಕಳು ರಜೆಯಲ್ಲಿ ಒಬ್ಬೊಬ್ಬರ ಮಾತನ್ನು ಮುದ್ರಿಸಿ, ಬರೆದು ಒಪ್ಪಿಸಬಹುದು. ಪ್ರತಿಯೊಂದನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ತಲುಪಿಸಬಹುದು. ಇದಕ್ಕಿಂತ ಮಿಗಿಲಾದ ದಾಸೋಹ ಯಾವುದು?

ದಸರೆ, ದೀಪಾವಳಿಗಳು ಬಂದಾಗ ನಮ್ಮ ಮನೆಗಳಲ್ಲಿ ಅಟ್ಟ ಇಳಿಸಿ ಸ್ವಚ್ಛ ಮಾಡುವ ರೂಢಿಯಿದೆ. ಹಳೆಯ ಕಾಗದ ರದ್ದಿಗೆ ಹೋಗುವುದು, ಹಳೆಯ ಟ್ರಂಕು ಮೋಡಕಾದವನ ಗಾಡಿ ಏರುವುದು ಆಗಲೇ. ಈ ಸಲ ಅದನ್ನು ಕೊಡುವ ಮುನ್ನ ಒಮ್ಮೆ ತೆರೆದು ನೋಡಿರಿ. ಅದನ್ನು ತಂದವರು ಇನ್ನೂ ಪಡಸಾಲೆಯಲ್ಲಿ ಕುಳಿತಿದ್ದರೆ, ಅವರ ಪಕ್ಕದಲ್ಲಿ ಕುಳಿತು ಕೇಳಿರಿ. ಅವರು ಇಲ್ಲವಾಗಿದ್ದರೆ, ಅವರನ್ನು ಬಲ್ಲವರು ಇನ್ನೂ ಇರುವಾಗಲೇ ಕೇಳಿ ಬರೆದಿಡಿರಿ.